ನನ್ನ ಕಾಯಿಲೆಗೆ ನಾನೇ ನುಡಿಸಿದ ಹಾರ್ಮೋನಿಯಂ

ಎಕ್ಸ್‌ರೇ ನೋಡಿ ಟಿ.ಬಿ. ಅಲ್ಲ ಎಂದು ಡಾಕ್ಟರು ಹೇಳಿದಾಗ ನನಗೆ ಸಂತೋಷವಾಗಲಿಲ್ಲ, ನಿರಾಶೆಯಾಯಿತು. ಇಷ್ಟು ದಿನ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಪಕ್ಕದಲ್ಲಿದ್ದ ನಮ್ಮವರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ದೇವರಿಗೆ ಸ್ತೋತ್ರ ಎಂದರು. ನಾನು ಮನಸ್ಸಿನಲ್ಲೇ ದೇವರನ್ನು ಬೈದೆ. ಟಿ.ಬಿ. ಎಂದರೆ ಯಾರೂ ಎದುರಾಡುವುದಿಲ್ಲ. ಘಟ್ಟದ ಮೇಲಿನ ಯಾವುದಾದರೂ ಸ್ಯಾನಿಟೋರಿಯಮ್ಮಿಗೆ ಕಳಿಸುತ್ತಾರೆ, ಆರು ತಿಂಗಳು ಮಲಗಲು ಮಂಚ ಕೊಡುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಜನ ಹತ್ತಿರ ಬರಲು ಹೆದರುತ್ತಾರೆ. ನನಗೆ ಬೇಕಾಗಿದ್ದದ್ದು ಅದೇ.

ಆ ರಿಪೋರ್ಟಿಗಾಗಿ ಮೂರು ದಿನ ಆಸ್ಪತ್ರೆಯ ವರಾಂಡದಲ್ಲಿ ಕಾದಿದ್ದೆ. ಬೆಂಚಿನ ಎರಡೂ ತುದಿಗೆ ಎನಾಮಲ್ಲಿನ ಪೀಕದಾನಿ, ಅದರಲ್ಲಿ ಫಿನಾಯಿಲು, ಅಂಚಿನ ಮೇಲೆ ನೊಣ. ನನ್ನ ಪಕ್ಕ ಕೂತಿದ್ದ ಹೆಂಗಸು ಕೆಮ್ಮಿದಾಗಲೆಲ್ಲ ಕರ್ಚೀಫು ಬಿಚ್ಚಿ ನನ್ನ ಮುಖದ ಹತ್ತಿರ ಹಿಡಿದು, ರಕ್ತವಿದೆಯಾ ನೋಡಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ನಾನು ನೋಡಿ ಇಲ್ಲ ಎನ್ನಬೇಕು. ಅವಳಿಗೆ ಕಣ್ಣು ಸರಿಯಿರಲಿಲ್ಲ, ಜೊತೆಗೆ ಯಾರೂ ಬಂದಿರಲಿಲ್ಲ. ಕನಿಕರ ಬರಬೇಕಿತ್ತು. ಪ್ರತಿ ಭಾನುವಾರ ಮಕ್ಕಳನ್ನು ಕೂಡಿಸಿಕೊಂಡು ಕನಿಕರದ ಪಾಠ ಹೇಳುವವಳು ನಾನು. ಆದರೆ ನನಗೆ ಬಂದದ್ದು ಹೇಸಿಗೆ, ಹೇಸಿಗೆ ಬಂತಲ್ಲ ಎಂದು ನನ್ನ ಮೇಲೆಯೇ ಇನ್ನಷ್ಟು ಹೇಸಿಗೆ. ದಣಿದವರಿಗೆ ನಿದ್ದೆ ಬರುತ್ತದೆ ಎಂದುಕೊಂಡವರಿಗೆ ಹೇಳುತ್ತೇನೆ, ನನಗೆ ಬರಲಿಲ್ಲ. ನನ್ನ ದಣಿವು ಹೇಸಿಗೆಯ ರೂಪದಲ್ಲಿ ಬಂತು. ನಿಮಗೂ ಹಾಗೆ ಬಂದಿದ್ದರೆ ನೀವು ಕೆಟ್ಟವರಾಗಿಬಿಟ್ಟಿರಿ ಎಂದು ತಿಳಿಯಬೇಡಿ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮುಂಬಯಿಯ ಫೋರ್ಟಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದೆ. ಬೇರೆ ಊರಿಗೆ ಫೋನು ಬೇಕೆಂದರೆ ಆಗ ನಮ್ಮ ಕೈಯಿಂದಲೇ ಆಗಬೇಕು. ಎದುರಿಗೆ ತೂತುಗಳ ದೊಡ್ಡ ಹಲಗೆ, ಕೈಯಲ್ಲಿ ವೈರುಗಳು. ಈ ತೂತಿನಿಂದ ಆ ತೂತಿಗೆ ಚುಚ್ಚಿ ಮುಂಬಯಿಯ ಶೇಟಜಿಯನ್ನು ಪುಣೆಯ ಶೇಟಜಿಗೆ ಗಂಟು ಹಾಕುವುದು ನಮ್ಮ ಕೆಲಸ. ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಸೆಟ್ಟು ಪಾಳಿಯಿಂದ ಪಾಳಿಗೆ ಕೈ ಬದಲಾಗುತ್ತಿತ್ತು. ನಾನು ಹಾಕಿಕೊಳ್ಳುವಾಗ ಹಿಂದಿನವಳ ಕಿವಿಯ ಬೆವರು ಇನ್ನೂ ಆರಿರುತ್ತಿರಲಿಲ್ಲ. ಬಾಯಿಯ ಮುಂದಿನ ಕೊಳವೆಯಲ್ಲಿ ಅವಳು ತಿಂದ ಆಮ್ಲೆಟ್ಟಿನ ಈರುಳ್ಳಿ ವಾಸನೆ. ಏಳು ವರ್ಷ ಅದನ್ನು ಸೆರಗಿನಿಂದ ಒರೆಸಿ ಹಾಕಿಕೊಂಡೆ. ಎಂಟನೆಯ ವರ್ಷ ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ. ಲೋಕಲ್‌ನಲ್ಲಿ ಪಕ್ಕದವಳ ತಲೆಯೆಣ್ಣೆ, ದಾದರ್ ಸ್ಟೇಷನ್ನಿನ ಮೀನಿನ ಬುಟ್ಟಿಗಳು, ಚಾಳಿನ ಮೋರಿ, ಕೊನೆಗೆ ನಮ್ಮವರು ಊಟ ಮಾಡುವಾಗ ಅವರ ಗಂಟಲಿನಲ್ಲಿ ಆಗುವ ಸಪ್ಪಳ, ಒಂದೊಂದೇ ಸಹಿಸಲಾರದಂತಾದವು.

ಒಂದು ಮಧ್ಯಾಹ್ನ ಅಹಮದಾಬಾದಿನ ಲೈನಿಗಾಗಿ ಕಾದಿದ್ದ ಹತ್ತಿ ವ್ಯಾಪಾರಿಯೊಬ್ಬ ನನ್ನ ಕಿವಿಯಲ್ಲಿ ಒದರುತ್ತಿದ್ದ. ಅದೇನೂ ಹೊಸದಲ್ಲ. ಒಂದು ನಿಮಿಷ ಸರ್ ಎಂದು ಹೇಳಿ ಅವನ ವೈರು ಕಿತ್ತೆ. ಆಮೇಲೆ ಅದರ ಪಕ್ಕದ್ದು ಕಿತ್ತೆ. ಆಮೇಲೆ ಅದರ ಪಕ್ಕದ್ದು. ಬಟಾಣಿ ಸುಲಿಯುವಷ್ಟು ಸಮಾಧಾನದಿಂದ ನನ್ನ ಹಲಗೆಯ ವೈರುಗಳನ್ನೆಲ್ಲ ಕಿತ್ತು ಕೈಕಟ್ಟಿ ಕೂತೆ. ಕಿವಿಯಲ್ಲಿ ಏನೂ ಇರಲಿಲ್ಲ. ಎಂಟು ವರ್ಷದಲ್ಲಿ ಅಷ್ಟು ಚೆಂದದ್ದನ್ನು ನಾನು ಕೇಳಿರಲಿಲ್ಲ. ನಾನು ನಗುತ್ತಿದ್ದೆ ಎಂದು ಆಮೇಲೆ ಹೇಳಿದರು, ನನಗೆ ನೆನಪಿರುವುದು ಅತ್ತದ್ದು. ನಮ್ಮ ಸೂಪರ್‌ವೈಸರ್ ಬಾಯಿಯವರು ಯಾವ ವರದಿಯನ್ನೂ ಬರೆಯದೆ ನನ್ನನ್ನು ಟ್ಯಾಕ್ಸಿಯಲ್ಲಿ ಕೂಡಿಸಿ ಮನೆಗೆ ಕಳಿಸಿದರು. ಆಕೆಗೆ ನಾನು ಇವತ್ತಿಗೂ ಋಣಿ.

ನಾನು ಸೊರಗಿದ್ದನ್ನು ನೋಡಿ ಟಿ.ಬಿ. ಇರಬಹುದೆಂದು ಮನೆಯವರು ಎಕ್ಸ್‌ರೇ ತೆಗೆಸಿದ್ದರು; ಎದೆಯಲ್ಲಿ ಏನೂ ಇಲ್ಲವೆಂದಾದ ಮೇಲೆ ಡಾಕ್ಟರು ಪ್ರಶ್ನೆ ಕೇಳತೊಡಗಿದರು. ವಯಸ್ಸಾದ ಪಾರ್ಸಿ, ಮಾತಿಗಿಂತ ಗೊಣಗಾಟ ಹೆಚ್ಚು. ವಾರಕ್ಕೆ ರಜೆ ಯಾವಾಗ ಎಂದರು. ಭಾನುವಾರ ಎಂದೆ. ಭಾನುವಾರ ಏನು ಮಾಡುತ್ತೀ ಎಂದರು. ಹೇಳಿದೆ: ಬೆಳಿಗ್ಗೆ ಮಕ್ಕಳ ಪಾಠದ ತಯಾರಿ, ಒಂದು ಗಂಟೆಗೆ ಮಕ್ಕಳ ಪಾಠ, ಎರಡಕ್ಕೆ ಸ್ತ್ರೀಯರ ಕೂಟ, ನಾಲ್ಕಕ್ಕೆ ಆರಾಧನೆಯಲ್ಲಿ ಹಾರ್ಮೋನಿಯಂ, ಅದು ಮುಗಿದ ಮೇಲೆ ಹಾಡಿನ ಅಭ್ಯಾಸ. ಡಾಕ್ಟರು ಪೆನ್ನು ಕೆಳಗಿಟ್ಟು, ಹಾಗಾದರೆ ರಜೆ ಯಾವಾಗ ಎಂದು ಮತ್ತೊಮ್ಮೆ ಕೇಳಿದರು. ನಮ್ಮವರು ಮಧ್ಯೆ ಬಾಯಿ ಹಾಕಿ, ಅದು ದೇವರ ಕೆಲಸ ಡಾಕ್ಟರ್, ಅದರಿಂದ ದಣಿವಾಗುವುದಿಲ್ಲ ಎಂದರು. ಡಾಕ್ಟರು ಅವರನ್ನು ಒಮ್ಮೆ ನೋಡಿ, ನರಗಳು ಸೋತಿವೆ, ಆರು ವಾರ ಯಾವ ಕೆಲಸವೂ ಕೂಡದು ಎಂದು ಚೀಟಿ ಬರೆದರು. ಜೊತೆಗೆ ಲಿವರಿನ ಸಾರದ ಒಂದು ಟಾನಿಕ್ಕು. ತುಕ್ಕು ಹಿಡಿದ ಮೊಳೆಯನ್ನು ನೆಕ್ಕಿದ ಹಾಗಿತ್ತು ಅದರ ರುಚಿ.

ನಮ್ಮ ಸಭೆಯ ಬಗ್ಗೆ ಎರಡು ಮಾತು ಹೇಳಬೇಕು. ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ನೌಕರಿಗಾಗಿ ಬಂದ ನಲವತ್ತು ಮನೆಗಳ ಕನ್ನಡ ಕ್ರೈಸ್ತರು ನಾವು. ಸ್ವಂತ ಚರ್ಚಿಲ್ಲ. ದಾದರಿನ ಒಂದು ಮರಾಠಿ ಚರ್ಚಿನಲ್ಲಿ ಅವರ ಆರಾಧನೆ ಬೆಳಿಗ್ಗೆ ಮುಗಿದ ಮೇಲೆ, ಸಂಜೆ ಇಂಗ್ಲಿಷಿನವರು ಬರುವ ಮೊದಲು, ಮಧ್ಯಾಹ್ನದ ಸೆಕೆಯ ಹೊತ್ತು ನಮ್ಮದು. ಅವರ ಆರ್ಗನ್ನಿಗೆ ಬೀಗ. ನಮ್ಮದೊಂದು ಹಳೆಯ ಹಾರ್ಮೋನಿಯಂ, ಅದನ್ನು ನುಡಿಸಲು ಬರುವವಳು ಧಾರವಾಡದ ಮಾಸ್ತರರ ಮಗಳಾದ ನಾನೊಬ್ಬಳೇ. ಯಾರ ಮನೆಯಲ್ಲಾದರೂ ಕಾಯಿಲೆಯಾದರೆ ಸಭೆ ಆ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ವಾಡಿಕೆ. ಹಮಾಲನ ತಲೆಯ ಮೇಲೆ ಹಾರ್ಮೋನಿಯಂ ಮುಂದೆ, ಜನ ಹಿಂದೆ. ಮನೆಯವರು ಎಲ್ಲರಿಗೂ ಚಹಾ, ಉಪ್ಪಿಟ್ಟು ಕೊಡಬೇಕು. ಇಷ್ಟು ವರ್ಷ ನಾನೂ ಎಷ್ಟೋ ಕಾಯಿಲೆಯವರ ತಲೆಯ ಹತ್ತಿರ ಕೂತು ಗಟ್ಟಿಯಾಗಿ ನುಡಿಸಿದ್ದೇನೆ. ಅವರೆಲ್ಲ ನನ್ನನ್ನು ಕ್ಷಮಿಸಲಿ.

ನನ್ನ ರಜೆಯ ಮೂರನೆಯ ಶನಿವಾರ ಅವರು ನಮ್ಮ ಚಾಳಿನ ಮೆಟ್ಟಿಲು ಹತ್ತಿದರು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಇಪ್ಪತ್ತೇಳು ಜನ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಬೆವರು, ಮಲ್ಲಿಗೆ, ಪೌಡರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಒಬ್ಬಾಕೆ, ಮಕ್ಕಳಾಗಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಇನ್ನೊಬ್ಬರು, ಮನಸ್ಸಿನಲ್ಲಿ ಏನಾದರೂ ಪಾಪ ಬಚ್ಚಿಟ್ಟುಕೊಂಡಿದ್ದರೆ ಒಪ್ಪಿಕೊಂಡುಬಿಡಮ್ಮ ಎಂದರು. ಸಭೆಯ ಹಿರಿಯರಾದ ಯೋಹಾನಪ್ಪನವರು ನನ್ನ ಹಣೆಯ ಮೇಲೆ ಕೈಯಿಟ್ಟರು. ಅವರಿಗೆ ನಶ್ಯದ ಚಟ. ಬೆರಳಿನ ತುದಿ ಸದಾ ಕಂದು, ಮೂಗಿನ ಕೆಳಗೆ ಸದಾ ಒಂದು ಒದ್ದೆ ಗೆರೆ, ಪ್ರಾರ್ಥನೆಯ ನಡುನಡುವೆ ಸೀನು. ಆ ಬೆರಳು ನನ್ನ ಚರ್ಮಕ್ಕೆ ತಾಗಿದ್ದೇ ನನಗೆ ವಾಂತಿ ಒತ್ತರಿಸಿ ಬಂತು. ನುಂಗಿಕೊಂಡೆ. ಅವರ ಪ್ರಾರ್ಥನೆ ಸಭೆಯಲ್ಲೇ ಎಲ್ಲಕ್ಕಿಂತ ಉದ್ದದ್ದು.

ಆಮೇಲೆ ಹಾಡಬೇಕಾಯಿತು. ಹಾರ್ಮೋನಿಯಂ ಮಂಚದ ಪಕ್ಕದಲ್ಲೇ ಇಟ್ಟಿದ್ದರು. ನಮ್ಮ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರು ಹಾಡಿನ ನಂಬರು ಹೇಳಿದರು. ಯಾರೂ ಶುರು ಮಾಡಲಿಲ್ಲ. ಇಪ್ಪತ್ತೇಳು ಜನರೂ ನನ್ನನ್ನು ನೋಡಿದರು. ಆಗ ನಮ್ಮ ಮನೆಯಲ್ಲೇ ಇದ್ದ ಅತ್ತೆ, ನಮ್ಮವರ ತಾಯಿ, ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನಾನು ಎದ್ದು ಕೂತು, ಹಾಸಿಗೆಯ ಅಂಚಿನಿಂದ ಬಗ್ಗಿ, ನನ್ನ ಕಾಯಿಲೆ ವಾಸಿಯಾಗಲಿ ಎಂಬ ಹಾಡಿಗೆ ನಾನೇ ಐದು ಚರಣ ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ಇದಕ್ಕಿಂತ ಹಾಸ್ಯಾಸ್ಪದವಾದದ್ದು ಜಗತ್ತಿನಲ್ಲಿ ಇರಲಾರದು. ಆದರೆ ಅಲ್ಲಿ ಒಬ್ಬರೂ ನಗಲಿಲ್ಲ. ಉಪ್ಪಿಟ್ಟು ತಿನ್ನುತ್ತ ಯೋಹಾನಪ್ಪನವರು ಕೈಯೆತ್ತಿ ಎಲ್ಲರಿಗೂ ಹೇಳಿದರು, "ನೋಡ್ರಿ, ಪ್ರಾರ್ಥನಾ ಮುಗಿಯೂದರಾಗ ಎದ್ದು ಕುಂತ್ಲು. ನಾಳೆ ಬ್ಯಾಡ, ಮುಂದಿನ ಐತವಾರ ಸಭಾದಾಗ ಸಾಕ್ಷಿ ಹೇಳ್ಲಿ."

ಸಾಕ್ಷಿ ಎಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದು. ಇಲ್ಲ ಎನ್ನುವ ಹಾಗಿಲ್ಲ. ನಮ್ಮವರು ಆಗಲೇ ತಲೆಯಾಡಿಸಿಬಿಟ್ಟಿದ್ದರು. ಆ ವಾರವಿಡೀ ನನ್ನನ್ನು ತಿಂದದ್ದು ಆ ಒಂದು ಮಾತು. ವಾಸಿಯಾಗದೆ ವಾಸಿಯಾಯಿತೆಂದು ಪೀಠದ ಮುಂದೆ ಸುಳ್ಳು ಹೇಳಿದರೆ ಇನ್ನೆಂದೂ ಪ್ರಾರ್ಥನೆಗೆ ಮೊಣಕಾಲೂರಲು ನನಗೆ ಮುಖವಿರುವುದಿಲ್ಲ. ನಿಜ ಹೇಳೋಣವೆಂದರೆ ನಿಜ ಇಷ್ಟೇ: ನಿಮ್ಮನ್ನು ಕಂಡರೆ, ನಿಮ್ಮ ಹಾಡು ಕೇಳಿದರೆ, ನಿಮ್ಮ ದೇವರ ಹೆಸರೆತ್ತಿದರೆ ನನಗೆ ಹೇಸಿಗೆ. ಹುಟ್ಟಿದಂದಿನಿಂದ ನನಗಿದ್ದದ್ದು ಆ ನಂಬಿಕೆಯೊಂದೇ. ಅದು ಕೈಬಿಟ್ಟು ಹೋಗುತ್ತಿದೆ ಎಂದು ಭಯವಾಯಿತು. ಹೋದರೆ ಹೋಗಲಿ ಎಂದೂ ಅನಿಸುತ್ತಿತ್ತು, ಅದು ಇನ್ನೂ ದೊಡ್ಡ ಭಯ.

ಮುಂದಿನ ಶನಿವಾರ ಮಧ್ಯಾಹ್ನ ಅತ್ತೆ ನನ್ನ ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು. ಅವರು ಹುಡುಗಿಯಾಗಿದ್ದಾಗಿನಿಂದ ಬೆಟಗೇರಿಯಲ್ಲಿ ಮಿಷನ್ನಿನವರ ನೇಯ್ಗೆ ಕಾರ್ಖಾನೆಯಲ್ಲಿ ದುಡಿದವರು. ಎಡಗಿವಿ ಮಂದ, ಮಾತು ಗಟ್ಟಿ. ಸೀರೆ ನೋಡಿದ್ದೇ ನನಗೆ ತಡೆಯಲಾಗಲಿಲ್ಲ.

"ನಾ ಬರೂದಿಲ್ಲ, ಅತ್ತಿ," ಎಂದೆ. "ಚರ್ಚ್ ನೆನಸಿದ್ರ ವಾಂತಿ ಬರ್ತದ. ದೇವರ ಮ್ಯಾಲಿನ ಮನಸ್ಸ ಹೋಗೇದ ನನಗ."

ಬೈಯುತ್ತಾರೆ ಎಂದುಕೊಂಡೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಅವರ ಅಪ್ಪನ ಸುದ್ದಿ ತೆಗೆದರು. ಅಪ್ಪನೂ ಅದೇ ಕಾರ್ಖಾನೆಯಲ್ಲಿ ನೇಯುತ್ತಿದ್ದನಂತೆ. ಆರು ದಿನ ಮಗ್ಗದ ಸಪ್ಪಳದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಷ್ಟೂ ಮಗ್ಗಗಳು ಸುಮ್ಮನಾದಾಗ ಕೇರಿಯಲ್ಲಿ ಗುಬ್ಬಿಗಳ ಸದ್ದು ಕೇಳುತ್ತಿತ್ತು. ಅಪ್ಪ ಚರ್ಚಿನಲ್ಲಿ ಕೂತ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಅಲ್ಲಿಯ ಅಯ್ಯನವರು ಒಂದು ಸಲ ಎಲ್ಲರ ಮುಂದೆ ಬೈದರಂತೆ.

"ಆಗ ನಮ್ಮಪ್ಪ ಏನಂದ ಗೊತ್ತೇನು?" ಎಂದರು ಅತ್ತೆ. "ಅಯ್ಯನವರ, ಮಗ್ಗ ನಿಂದ್ರಸೂ ದೇವರು ಅದಾನ ಅಂತ ಕೇಳಿ ನಾ ಈ ಮತಕ್ಕ ಬಂದೀನಿ. ಇದೊಂದು ನಿದ್ದಿ ಅಂವ ಕೊಟ್ಟಾನ, ನೀವು ಕಸಗೋಬ್ಯಾಡ್ರಿ, ಅಂದ." ಇಸ್ತ್ರಿ ಮಾಡಿದ ಸೀರೆಯನ್ನು ಮಡಚಿ ಟ್ರಂಕಿಗೆ ಹಾಕಿ, ಕೆಳದನಿಯಲ್ಲಿ ಇನ್ನೊಂದು ಮಾತು ಹೇಳಿದರು: "ಅವತ್ತ ನಿನ್ನ ರಟ್ಟಿ ಹಿಡಿದು ಎಬ್ಬಿಸಿದಾಕಿ ನಾನಽ. ಸೊಸಿ ಪೇಟಿ ಬಾರಸ್ತಾಳಂತ ನಾಕ ಮಂದಿ ಅನ್ನಲಿ ಅಂತ. ನಂದು ತಪ್ಪಾತು, ಸರೋಜಾ."

ಪೇಟಿ ಎಂದರೆ ಅವರ ಬಾಯಲ್ಲಿ ಹಾರ್ಮೋನಿಯಂ. ಅತ್ತೆ ಸೊಸೆಗೆ ತಪ್ಪಾಯಿತು ಎಂದದ್ದನ್ನು ನಾನು ಅದುವರೆಗೆ ಯಾವ ಮನೆಯಲ್ಲೂ ಕೇಳಿರಲಿಲ್ಲ. ಹಳೆಯ ಸೀರೆ ಉಟ್ಟುಕೊಂಡು ನನ್ನ ಪಕ್ಕ ಕೂಡು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಅದಕ್ಕಾಗಿ ಹೋದೆ, ದೇವರಿಗಾಗಿ ಅಲ್ಲ.

ಕೊನೆಯ ಬೆಂಚಿನಲ್ಲಿ ಗೋಡೆಗೆ ಒತ್ತಿ ಕೂತೆವು. ಬೆಳಗಿನವರು ಬಿಟ್ಟು ಹೋದ ಹೂವು ಪೀಠದ ಮೇಲೆ ಕೊಳೆಯುತ್ತಿತ್ತು. ನಾನು ಮಲಗಿದ್ದ ಭಾನುವಾರಗಳಲ್ಲಿ ಹಾರ್ಮೋನಿಯಂ ಇಲ್ಲವೆಂದು ಹಾಡುಗಳನ್ನು ಹಾಡದೆ ಓದಿಯೇ ಮುಗಿಸಿದ್ದರಂತೆ. ಅಯ್ಯನವರು ಹಾಡಿನ ನಂಬರು ಹೇಳಿದರು. ಮುಂದಿನ ಬೆಂಚುಗಳಿಂದ ಒಂದೊಂದಾಗಿ ತಲೆಗಳು ನನ್ನ ಕಡೆ ತಿರುಗಿದವು. ನಾನು ರೂಢಿಯಿಂದ ಏಳಲು ಹೋದೆ. ಏಳಲಾಗಲಿಲ್ಲ, ಅತ್ತೆ ತಮ್ಮ ಕೈಯನ್ನು ನನ್ನ ತೊಡೆಯ ಮೇಲೆ ಭಾರ ಬಿಟ್ಟು ಒತ್ತಿದ್ದರು. "ಪೇಟಿ ಇಲ್ಲದಽ ಹಾಡ್ರಿ," ಎಂದರು ಗಟ್ಟಿಯಾಗಿ.

ಹಾಡಿದರು. ಅದನ್ನು ಹಾಡು ಎಂದು ಕರೆಯುವುದು ನನ್ನ ದೊಡ್ಡ ಗುಣ. ಗಂಡಸರು ಒಂದು ಶ್ರುತಿ, ಹೆಂಗಸರು ಇನ್ನೊಂದು, ಯೋಹಾನಪ್ಪನವರು ಇಬ್ಬರಿಗೂ ಸೇರದೆ ಒಂದು ಸಾಲು ಹಿಂದೆ. ನಾನು ಹಲ್ಲು ಕಚ್ಚಿ ಕೇಳಿದೆ, ಎಲ್ಲಿ ನಿಂತುಹೋಗುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಕುಂಟುತ್ತ ಎಳೆದಾಡುತ್ತ ಕೊನೆಯ ಚರಣವನ್ನೂ ಮುಗಿಸಿ ಆಮೆನ್ ಎಂದು ಕೂತರು. ನಾನಿಲ್ಲದಿದ್ದರೆ ಈ ಸಭೆ ಒಂದು ಭಾನುವಾರ ನಡೆಯುವುದಿಲ್ಲ ಎಂದು ಎಂಟು ವರ್ಷ ನಂಬಿದ್ದೆ. ಅದನ್ನು ಸೇವೆ ಎಂದು ಕರೆದುಕೊಂಡಿದ್ದೆ. ಅದು ನನ್ನ ಜಂಬ ಎಂದು ಆಗ ತಿಳಿಯಿತು, ಎಲ್ಲ ಹೇಸಿಗೆಗಿಂತ ದೊಡ್ಡ ಹೇಸಿಗೆ ಅದೇ. ಆದರೆ ವಿಚಿತ್ರ ನೋಡಿ, ಇದು ಹೊಟ್ಟೆ ತೊಳಸಲಿಲ್ಲ. ಬಿಗಿದು ಕಟ್ಟಿದ್ದೇನೋ ಸಡಿಲಾದ ಹಾಗಾಯಿತು. ನಾನಿಲ್ಲದೆ ಹಾಡು ಮುಗಿಯುತ್ತದೆ. ನಾನಿಲ್ಲದೆ ದೇವರು ದೇವರಾಗಿರುತ್ತಾನೆ. ಆಗ ಯೋಹಾನಪ್ಪನವರು ಪ್ರಾರ್ಥನೆಗೆ ಎದ್ದರು. ಅವರು ಲೋಕದ ಅರಸರಿಗಾಗಿ, ಅಧಿಕಾರಿಗಳಿಗಾಗಿ ಬೇಡಿಕೊಳ್ಳುತ್ತಿದ್ದದ್ದು ಕೇಳಿದ ನೆನಪಿದೆ. ಅದರ ಮುಂದೆ ನನಗೆ ಏನೂ ಗೊತ್ತಿಲ್ಲ.

ಮುಂದಿನದು ನಮ್ಮವರು ಹೇಳಿದ್ದು. ಉಪದೇಶದ ಪ್ರಸಂಗ ಮುಗಿದ ಮೇಲೆ ಅಯ್ಯನವರು ಸಾಕ್ಷಿಗಾಗಿ ನನ್ನ ಹೆಸರು ಕರೆದರಂತೆ. ಎರಡನೆಯ ಸಲ ಕರೆದರು. ನಮ್ಮ ಸಭೆಯಲ್ಲಿ ಅಯ್ಯನವರ ಮಾತಿಗೆ ಬೆಂಚಿನಲ್ಲಿ ಕೂತಲ್ಲಿಂದಲೇ ಉತ್ತರ ಕೊಡುವ ಪದ್ಧತಿಯಿಲ್ಲ, ಅದರಲ್ಲೂ ಹೆಂಗಸರು. ಅತ್ತೆ ಕೂತಲ್ಲಿಂದಲೇ ಹೇಳಿದರಂತೆ, "ನನಗ ಎದ್ದು ನಿಲ್ಲಾಕ ಬರೂದಿಲ್ಲ, ಅಯ್ಯನವರ, ತೊಡಿ ಮ್ಯಾಲ ಆಕಿ ತಲಿ ಐತಿ. ಎರಡು ತಿಂಗಳಾತು, ಇವತ್ತ ಮಲಗ್ಯಾಳ. ಇದಽ ಆಕಿ ಸಾಕ್ಷಿ. ನೀವು ಮುಂದಿಂದು ನಡಸ್ರಿ."

ಅಯ್ಯನವರು ಕೊನೆಯ ಹಾಡನ್ನು ಬಿಟ್ಟು, ಪಿಸುಮಾತಿನಲ್ಲಿ ಆಶೀರ್ವಾದ ಹೇಳಿದರಂತೆ. ನನಗೆ ಎಚ್ಚರವಾದಾಗ ಚರ್ಚು ಖಾಲಿಯಿತ್ತು. ಕಿಟಕಿಯ ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು. ಅತ್ತೆ ಕಾಲು ಜೋಮು ಹಿಡಿದು ಮುಖ ಕಿವುಚಿಕೊಂಡು ಕೂತಿದ್ದರು, ಆದರೂ ಅಲುಗಾಡಿರಲಿಲ್ಲ. ಅವರ ಸೀರೆಯ ಮೇಲೆ ನನ್ನ ಜೊಲ್ಲು ಹರಿದು ಒದ್ದೆಯಾಗಿತ್ತು. ನನಗೆ ಬೈಬಲಿನ ಕತೆಯಲ್ಲಿ ಬಿರುಗಾಳಿಯ ನಡುವೆ ದೋಣಿಯೊಳಗೆ ತಲೆದಿಂಬಿನ ಮೇಲೆ ಮಲಗಿದ್ದ ಸ್ವಾಮಿಯ ನೆನಪಾಯಿತು. ಪ್ರತಿ ವರ್ಷ ಮಕ್ಕಳಿಗೆ ಆ ಪಾಠ ಮಾಡುತ್ತೇನೆ, ಗಾಳಿ ನಿಲ್ಲಿಸಿದ್ದನ್ನು ಕೈ ಬೀಸಿ ಬೀಸಿ ವರ್ಣಿಸುತ್ತೇನೆ. ತಲೆದಿಂಬಿನ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಅವನಿಗೂ ದಣಿವಾಗುತ್ತಿತ್ತು. ಅವನು ಅದನ್ನು ಪಾಪ ಎನ್ನಲಿಲ್ಲ, ಮಲಗಿದ.

ಅಷ್ಟರಿಂದ ವಾಸಿಯಾಯಿತು ಎಂದು ಹೇಳಿದರೆ ಮತ್ತೆ ಸುಳ್ಳು ಸಾಕ್ಷಿಯಾಗುತ್ತದೆ. ಹೇಸಿಗೆ ಇನ್ನೂ ಎಷ್ಟೋ ತಿಂಗಳು ಇತ್ತು. ಮೀನಿನ ಬುಟ್ಟಿ ಕಂಡರೆ ಈಗಲೂ ರೈಲಿನ ಡಬ್ಬಿ ಬದಲಾಯಿಸುತ್ತೇನೆ. ಎಕ್ಸ್‌ಚೇಂಜಿನಲ್ಲಿ ನನ್ನನ್ನು ಹಲಗೆಯಿಂದ ತೆಗೆದು ಕಾಗದಪತ್ರದ ಕೆಲಸಕ್ಕೆ ಹಾಕಿದರು. ಒಂದು ವರ್ಷ ಹಾರ್ಮೋನಿಯಂ ಮುಟ್ಟಲಿಲ್ಲ. ಭಾನುವಾರ ನಾಲ್ಕಕ್ಕೆ ಕೊನೆಯ ಬೆಂಚಿಗೆ ಹೋಗುತ್ತಿದ್ದೆ, ಕೂತ ಸ್ವಲ್ಪ ಹೊತ್ತಿಗೆ ನಿದ್ದೆ. ಯಾರೂ ಎಬ್ಬಿಸುತ್ತಿರಲಿಲ್ಲ. ಆ ನಿದ್ದೆಯೇ ನನ್ನ ಆರಾಧನೆಯಾಗಿತ್ತು ಎಂದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಈಗ ಮತ್ತೆ ನುಡಿಸುತ್ತೇನೆ, ತಿಂಗಳಿಗೆ ಎರಡು ಭಾನುವಾರ. ಮಿಕ್ಕ ಎರಡು ಭಾನುವಾರ ಅವರು ಹಾಡಿದಂತೆ ಹಾಡುತ್ತಾರೆ. ಕಾಯಿಲೆಯವರ ಮನೆಗೆ ಹೋದರೆ ಬಾಗಿಲಲ್ಲೇ ನಿಂತು, ಮಲಗಿದ್ದಾರೆಯೇ ಎಂದು ಕೇಳಿ, ಹೌದೆಂದರೆ ವಾಪಸು ಬರುತ್ತೇನೆ.

ಒಂದು ಸಂಗತಿ ನಮ್ಮವರು ಬಹಳ ದಿನ ಹೇಳಿರಲಿಲ್ಲ, ಹೇಳುವಂಥದ್ದು ಎಂದು ಅವರಿಗೆ ಅನಿಸಿರಲಿಲ್ಲ. ಅವತ್ತು ಆಶೀರ್ವಾದದ ಹೊತ್ತಿಗೆ ಯೋಹಾನಪ್ಪನವರಿಗೆ ಸೀನು ಬಂತಂತೆ. ಅವರು ಎರಡೂ ಕೈಯಿಂದ ಮೂಗು ಬಾಯಿ ಒತ್ತಿ ಹಿಡಿದು, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಸುರಿಯುತ್ತ, ನನ್ನ ಬೆಂಚನ್ನು ತುದಿಗಾಲಿನಲ್ಲಿ ದಾಟಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಗೇಟಿನವರೆಗೆ ಓಡಿ, ರಸ್ತೆಗೆ ಬಂದ ಮೇಲೆ ಹನ್ನೊಂದು ಸಲ ಸೀನಿದರಂತೆ. ನನಗಾಗಿ ಅವರು ಮಾಡಿದ ಪ್ರಾರ್ಥನೆಗಳಲ್ಲಿ ದೇವರಿಗೆ ಮುಟ್ಟಿದ್ದು ಅದೊಂದೇ ಎಂದು ನಾನು ನಂಬಿದ್ದೇನೆ.